ಮುಳುಗಿದ ಲೆಕ್ಕ ಮೇಲೆತ್ತುವುದು ಹೇಗೆ?

ಓದುಗರ ಪ್ರಶ್ನೆ, ರಿಪೇರಿ ಅಂಗಡಿಯವನ ಉತ್ತರ

ಹೋದ ತಿಂಗಳು ಮಳೆಗಾಲದ ಕೆಲಸದ ಬಗ್ಗೆ ಬರೆಯುತ್ತಾ ಸುಮ್ನೆ ಒಂದು ಮಾತು ಸೇರಿಸಿದ್ದೆ. ಜೂನ್ ಬಂತೆಂದರೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ನಿಲ್ಲುತ್ತದೆ. ಆಗ ನನ್ನ ಮೊಬೈಲ್ ರಿಪೇರಿ ಅಂಗಡಿಗೆ, ಸಮುದ್ರದಲ್ಲಿ ಮುಳುಗುವವರು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ಗಳು ಬರುತ್ತವೆ. ಅವುಗಳ ಹೊಟ್ಟೆಯಲ್ಲಿರುವ ಲೆಕ್ಕವನ್ನು ಸಬ್‌ಸರ್ಫೇಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಿಂದ ಹೊರಗೆ ತೆಗೆದುಕೊಡುತ್ತೇನೆ ಎಂದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಇನ್ವರ್ಟರ್ ಬ್ಯಾಟರಿಯವರು, ಉಬ್ಬಿದ ಮೊಬೈಲಿನವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ. ಈ ಸಲ ಪೂರ್ತಿ ನೀರಿನದ್ದೇ.

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಮನೆಯವರ ಜೊತೆ ಬಂದು ನೇತ್ರಾಣಿಯಲ್ಲಿ ಒಂದು ಸಲ ಮುಳುಗಿ ಎದ್ದೆ. ನಮ್ಮ ಗೈಡ್ ಕೈಯಲ್ಲಿ ದಪ್ಪ ವಾಚ್ ಇತ್ತು. ಅದೇನಾ ಡೈವ್ ಕಂಪ್ಯೂಟರ್? ನಾನೂ ಒಂದು ಕೊಳ್ಳಬೇಕಾ?
— ಒಬ್ಬ ಮೇಷ್ಟ್ರು, ಶಿವಮೊಗ್ಗ

ಅದೇ ಮೇಷ್ಟ್ರೇ. ಕೊಳ್ಳಬೇಡಿ.

ನೋಡಲು ವಾಚು, ಒಳಗೆ ಒತ್ತಡ ಅಳೆಯುವ ಯಂತ್ರ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ, ನೆಲದ ಮೇಲೆ ನಮ್ಮ ತಲೆ ಮೇಲಿರುವ ಗಾಳಿಯಷ್ಟೇ ಭಾರ ಇನ್ನೊಂದು ಪಾಲು ಬಿದ್ದ ಹಾಗೆ. ಯಂತ್ರ ಆ ಒತ್ತಡ ಅಳೆದು ಆಳ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಸಮಯ ಸೇರಿಸಿ, ನಿಮ್ಮ ಮೈಯೊಳಗೆ ಎಷ್ಟು ನೈಟ್ರೋಜನ್ ಕರಗಿರಬಹುದು ಎಂದು ಅಂದಾಜು ಮಾಡುತ್ತದೆ. ಇನ್ನೆಷ್ಟು ನಿಮಿಷ ಕೆಳಗಿರಬಹುದು ಅಂತ ತೋರಿಸುತ್ತದೆ. ಇದನ್ನೆಲ್ಲ ಮಾಡುತ್ತಲೇ ಹತ್ತೋ ಇಪ್ಪತ್ತೋ ಸೆಕೆಂಡಿಗೊಮ್ಮೆ 'ಈಗ ಇಷ್ಟು ಆಳ' ಎಂದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಈ ತಿಂಗಳ ಪತ್ರಗಳೆಲ್ಲ ಆ ಬರಹ ಓದುವುದರ ಬಗ್ಗೆಯೇ.

ನಿಮ್ಮಂಥ ಮೊದಲ ಸಲದವರನ್ನು ಗೈಡ್ ಹನ್ನೆರಡು ಮೀಟರಿಗಿಂತ ಕೆಳಗೆ ಕರೆದೊಯ್ಯುವ ಹಾಗಿಲ್ಲ. ಅವರ ಕೈಯ ಯಂತ್ರವೇ ಸಾಕು. ನೆನಪಿಗೆ ಬೇಕಿದ್ದರೆ ದೋಣಿ ಹತ್ತಿದ ಕೂಡಲೇ 'ಎಷ್ಟು ಆಳ ಹೋಗಿದ್ವಿ, ಎಷ್ಟು ನಿಮಿಷ' ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದೆ ಹುಚ್ಚು ಹಿಡಿದರೆ ಆ ಎರಡು ಅಂಕಿಯನ್ನು ಸಬ್‌ಸರ್ಫೇಸ್‌ಗೆ ಕೈಯಲ್ಲೇ ತುಂಬಬಹುದು.

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಸುಂಟೊ ವೈಪರ್ ಡೈವ್ ಕಂಪ್ಯೂಟರ್ ಕೊಂಡೆ. ಆನ್‌ಲೈನಲ್ಲಿ ಯುಎಸ್‌ಬಿ ಕೇಬಲ್ ತರಿಸಿದೆ. ಸಬ್‌ಸರ್ಫೇಸ್ ಹಾಕಿಕೊಂಡು ಡೌನ್‌ಲೋಡ್ ಒತ್ತಿದರೆ ಎರರ್. ವಿಂಡೋಸ್‌ನಲ್ಲೂ ಆಗಲಿಲ್ಲ, ಉಬುಂಟುವಿನಲ್ಲೂ ಆಗಲಿಲ್ಲ. ಕೆಟ್ಟಿರುವುದು ವಾಚಾ, ಕೇಬಲ್ಲಾ, ನಾನಾ?
— ರಾಜಾಜಿನಗರ, ಬೆಂಗಳೂರು

ನೀವು ಕೆಟ್ಟಿಲ್ಲ. ವಾಚೂ ಕೆಟ್ಟಿರಲಿಕ್ಕಿಲ್ಲ. ನನ್ನ ಅಂಗಡಿಗೆ 'ಸತ್ತಿದೆ' ಎಂದು ಬರುವ ವೈಪರ್‌ಗಳಲ್ಲಿ ಮುಕ್ಕಾಲು ಪಾಲು ಉಪ್ಪು ತಿಂದು ಮೂಕವಾದವು, ಅಷ್ಟೇ.

ಮೊದಲು ವಾಚನ್ನು ತಿರುಗಿಸಿ. ಕೇಸಿನ ಕೆಳಬದಿಯಲ್ಲಿ ಚಿಕ್ಕ ಲೋಹದ ಚುಕ್ಕಿಗಳಿವೆ. ಕೇಬಲ್ಲಿನ ಕ್ಲಿಪ್ ಬಂದು ಕೂರುವುದು ಅಲ್ಲಿ. ವಾಚಿಗೆ ತಾನು ನೀರಿಗೆ ಬಿದ್ದೆ ಅಂತ ಗೊತ್ತಾಗುವುದೂ ಅಲ್ಲಿಂದಲೇ. ಲೋಹ ಹೊಳೆಯುತ್ತಿದೆಯಾ, ಮಂಕಾಗಿದೆಯಾ? ಹೋದ ವಾರ ಒಂದು ಬಂದಿತ್ತು. ಮಾಲೀಕರು ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯದೆ ನಾಲ್ಕು ತಿಂಗಳು ಬ್ಯಾಗಿನಲ್ಲಿ ಇಟ್ಟಿದ್ದರು. ಚುಕ್ಕಿಯ ಮೇಲೆ ಹಳೆ ತಾಮ್ರದ ಚೊಂಬಿನ ಅಂಚಿಗೆ ಬರುತ್ತದಲ್ಲ, ಆ ಥರದ ಹಸಿರು. ನಾನು ಮಾಡಿದ್ದು ಇಷ್ಟೇ. ಉಗುರುಬೆಚ್ಚಗಿನ ಸಿಹಿನೀರಲ್ಲಿ ಹತ್ತು ನಿಮಿಷ ನೆನೆಸಿದೆ. ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಬಿಟ್ಟೆ. ಕೊನೆಗೆ ಶಾಲೆ ಮಕ್ಕಳ ಪೆನ್ಸಿಲ್ ರಬ್ಬರನ್ನು ಓರೆಯಾಗಿ ಕತ್ತರಿಸಿ, ಆ ಚೂಪು ತುದಿಯಿಂದ ಒಂದೊಂದೇ ಚುಕ್ಕಿಯನ್ನು ತಿಕ್ಕಿದೆ. ಕ್ಲಿಪ್ಪಿನ ಪಿನ್ನುಗಳಿಗೂ ಅದೇ ಉಪಚಾರ. ಮರಳು ಕಾಗದ ಮಾತ್ರ ಹಚ್ಚಬೇಡಿ, ಮೇಲಿನ ಲೇಪ ಹೋದರೆ ಮತ್ತೆ ಬರುವುದಿಲ್ಲ.

ಪರದೆಯಲ್ಲಿ 'ಎಸಿ' ಅಂತ ತೋರಿಸುತ್ತಿದ್ದರೆ ಅದು ಇನ್ನೂ ನೀರಿನಲ್ಲೇ ಇದ್ದೇನೆ ಅಂದುಕೊಂಡಿದೆ. ಇನ್ನಷ್ಟು ಒಣಗಿಸಿ.

ಆಮೇಲೆ ವಾಚಿನ ಮೆಮೊರಿ ಮೆನುವಿಗೆ ಹೋಗಿ. ಮೊದಲು ಲಾಗ್‌ಬುಕ್, ನಂತರ ಹಿಸ್ಟರಿ, ಮೂರನೆಯದು 'ಟಿಆರ್-ಪಿಸಿ'. ಆ ಮೂರನೆಯದರಲ್ಲಿ ನಿಲ್ಲಿಸಿಯೇ ಡೌನ್‌ಲೋಡ್ ಒತ್ತಬೇಕು. ಸಾಫ್ಟ್‌ವೇರ್ ಎಷ್ಟೇ ಕೂಗಿದರೂ ಈ ಕಿಟಕಿ ತೆರೆಯದೆ ವಾಚು ಮಾತಾಡುವುದಿಲ್ಲ. ಇದನ್ನು ಮರೆತು ಕೇಬಲ್ಲಿಗೆ ಬೈದವರು ಬಹಳ ಜನ. ಮೊದಲ ಸಲ ನಾನೂ ಬೈದಿದ್ದೆ.

ಈಗ ಕೇಬಲ್. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಕ್ಲಿಪ್, ನಡುವೆ ದುಭಾಷಿಯ ಹಾಗೆ ಒಂದು ಚಿಪ್. ಆ ಚಿಪ್ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಹಳದಿ ತ್ರಿಕೋನ ಬಂದು ಪಕ್ಕದಲ್ಲಿ ಪಿಎಲ್2303 ಎಂಬ ಹೆಸರಿದ್ದರೆ, ಆ ಚಿಪ್ಪಿನ ಹಳೆಯ ತಳಿಗಳನ್ನೂ ನಕಲಿಗಳನ್ನೂ ಅದನ್ನು ನಡೆಸುವ ಹೊಸ ಡ್ರೈವರ್ ಸಾಫ್ಟ್‌ವೇರ್ ಬೇಕೆಂದೇ ಹೊರಗಿಡುತ್ತದೆ. ನನಗೆ ಒಬ್ಬ ಆನ್‌ಲೈನ್ ವ್ಯಾಪಾರಿ ಅಂಥದ್ದೇ ನಕಲಿ ಕಳಿಸಿದ್ದ. ವಾಪಸ್ ಕೇಳಿದರೆ 'ನಿಮ್ಮ ವಾಚೇ ಸರಿ ಇಲ್ಲ' ಎಂದ. ಅದೇ ಕೇಬಲ್ ಇವತ್ತಿಗೂ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿದೆ. ಲಿನಕ್ಸಿನ ಡ್ರೈವರ್‌ಗೆ ಆ ಬಿಗುಮಾನ ಇಲ್ಲ.

ನಿಮ್ಮ ಉಬುಂಟುವೂ ಲಿನಕ್ಸೇ, ಹಾಗಾದರೆ ಅದರಲ್ಲಿ ಯಾಕೆ ಆಗಲಿಲ್ಲ? ಎರಡು ಕಾರಣ ಇರಬಹುದು. ಒಂದು, ಆ ಪೋರ್ಟ್ ಮುಟ್ಟುವ ಅನುಮತಿ ನಿಮ್ಮ ಹೆಸರಿಗೆ ಇಲ್ಲ. 'ಡಯಲ್‌ಔಟ್' ಎಂಬ ಗುಂಪಿಗೆ ನಿಮ್ಮ ಯೂಸರ್ ಹೆಸರು ಸೇರಿಸಿ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು, ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸ್ವಲ್ಪ ತಮಾಷೆಯದು. ನಿಮ್ಮದು ಉಬುಂಟು 22.04, ಕೇಬಲ್ಲಿನಲ್ಲಿ ಸಿಎಚ್340 ಎಂಬ ಅಗ್ಗದ ಚಿಪ್ ಇದೆ ಅಂದುಕೊಳ್ಳಿ. ಕಣ್ಣು ಕಾಣದವರ ಬ್ರೈಲ್ ಪರದೆಗೆಂದು ಇರುವ 'ಬಿಆರ್‌ಎಲ್‌ಟಿಟಿವೈ' ಎಂಬ ಪ್ರೋಗ್ರಾಂ, ಬಂದದ್ದು ತನ್ನ ನೆಂಟನೇ ಅಂದುಕೊಂಡು ಆ ಕೇಬಲ್ಲನ್ನು ಎಳೆದುಕೊಂಡು ಕೂರುತ್ತದೆ. ನಿಮಗೆ ಬ್ರೈಲ್ ಪರದೆ ಇಲ್ಲದಿದ್ದರೆ ಅದನ್ನು ತೆಗೆದುಹಾಕಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ.

ಇಷ್ಟಾದರೂ ಬಾರದಿದ್ದರೆ ಡೌನ್‌ಲೋಡ್ ಕಿಟಕಿಯಲ್ಲಿ ಲಾಗ್‌ಫೈಲ್ ಉಳಿಸುವ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಿ ಇನ್ನೊಮ್ಮೆ ಒತ್ತಿ, ಆ ಫೈಲ್ ನನಗೆ ಕಳಿಸಿ. ವಾಚು ಒಂದಾದರೂ ಬೈಟ್ ಮಾತಾಡಿದೆಯಾ ಅಂತ ಅದರಲ್ಲಿ ಕಾಣುತ್ತದೆ.

ಕೆಲಸ ಆದಾಗ ಮಾತ್ರ ತಾಳ್ಮೆ ಇರಲಿ. ವೈಪರ್ ಮಾತಾಡುವ ವೇಗ 2400 ಬಾಡ್. ಅಂದರೆ ಸೆಕೆಂಡಿಗೆ ಇನ್ನೂರು ಚಿಲ್ಲರೆ ಅಕ್ಷರ. ಅದರ ಒಟ್ಟು ಮೆಮೊರಿ 8 ಕಿಲೋಬೈಟ್. ನಿಮ್ಮ ಚಿಕ್ಕಪ್ಪ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಗುಲಾಬಿ ಹೂವಿನ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು! ಆ 8 ಕಿಲೋಬೈಟಿನಲ್ಲೇ ಮೂವತ್ತು-ನಲವತ್ತು ಗಂಟೆಯಷ್ಟು ನೀರಡಿಯ ಬದುಕು ಕೂತಿರುತ್ತದೆ. ಹೇಗೆ ಅಂದರೆ, ಅದು ಪ್ರತಿ ಸಲ ಪೂರ್ತಿ ಆಳ ಬರೆಯುವುದಿಲ್ಲ. 'ಹೋದ ಸಲಕ್ಕಿಂತ ಇಷ್ಟು ಕೆಳಗೆ, ಇಷ್ಟು ಮೇಲೆ' ಅಂತ ವ್ಯತ್ಯಾಸ ಮಾತ್ರ ಬರೆಯುತ್ತದೆ. ಒಂದು ಸಲಕ್ಕೆ ಒಂದೇ ಬೈಟ್. ನಮ್ಮ ಕಿರಾಣಿ ಅಂಗಡಿ ಶೆಟ್ಟರ ಉದ್ರಿ ಪುಸ್ತಕಕ್ಕಿಂತ ಬಿಗಿ ಲೆಕ್ಕ. ಜಾಗ ತುಂಬಿದ ಮೇಲೆ ಅತಿ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ನೀವು ಕೊಂಡ ವಾಚಿನಲ್ಲಿ ಹಳೇ ಮಾಲೀಕರ ಡೈವ್‌ಗಳೂ ಬಂದಾವು. ಅಳಿಸುವ ಮೊದಲು ಅವರಿಗೊಂದು ಪ್ರತಿ ಕಳಿಸಿ, ಖುಷಿಪಡುತ್ತಾರೆ.

ಪ್ರಶ್ನೆ: ಪುಕ್ಕಟೆ ಕೊಡುತ್ತಾರೆ ಅಂದರೆ ಏನೋ ಇದೆ ಅಂತ ನನ್ನ ಅನುಮಾನ. ಯಾರು ಮಾಡಿದ್ದು ಇದನ್ನು? ಅವರಿಗೇನು ಲಾಭ?
— ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಅನುಮಾನ ಒಳ್ಳೆಯದೇ, ಬ್ಯಾಂಕಿನವರಲ್ಲವಾ.

ಶುರು ಮಾಡಿದ್ದು ಲೈನಸ್ ಟೊರ್ವಾಲ್ಡ್ಸ್. ಲಿನಕ್ಸ್ ಬರೆದ ಅದೇ ಮನುಷ್ಯ. ಅವರಿಗೆ ಡೈವಿಂಗ್ ಹುಚ್ಚು. 2011ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ ಇಟ್ಟಿದ್ದ ಸರ್ವರ್‌ಗಳಿಗೆ ಯಾರೋ ಕನ್ನ ಹಾಕಿದ್ದರಿಂದ ಸ್ವಲ್ಪ ಕಾಲ ಅಲ್ಲಿನ ಕೆಲಸ ನಿಂತಿತು. ಕೈ ಖಾಲಿ. ಲಿನಕ್ಸಿನಲ್ಲಿ ಡೈವ್‌ಗಳ ಲೆಕ್ಕ ಇಡುವ ಒಂದು ನೆಟ್ಟಗಿನ ಲಾಗ್ ಸಾಫ್ಟ್‌ವೇರ್ ಇಲ್ಲ ಎಂಬ ಸಿಟ್ಟು ಮೊದಲೇ ಇತ್ತು. ಕೂತು ತಾವೇ ಬರೆದರು. ಮುಂದಿನ ವರ್ಷದ ಕೊನೆಗೆ ಅದನ್ನು ನೋಡಿಕೊಳ್ಳುವ ಹೊಣೆಯನ್ನು ಡರ್ಕ್ ಹೋಂಡೆಲ್ ವಹಿಸಿಕೊಂಡರು. ಅವರೂ ಲಿನಕ್ಸಿನ ಹಳೇ ಕೈ, ಅವರೂ ಡೈವರ್. ಲಾಭ ಏನು ಅಂದರೆ, ಅವರ ಡೈವ್‌ಗಳ ಲೆಕ್ಕ ಅವರಿಗೆ ಸಿಕ್ಕಿತು. ನಮ್ಮೂರಲ್ಲಿ ತನ್ನ ತೋಟಕ್ಕೆ ಅಂತ ಕಾಲುವೆ ತೋಡಿದವನು ಪಕ್ಕದವರೂ ನೀರು ತಗೊಳ್ಳಲಿ ಅಂತ ಬಿಡುವುದಿಲ್ಲವಾ, ಹಾಗೆ.

ಆದರೆ ನನ್ನ ಅಂಗಡಿಯಲ್ಲಿ ನಾನು ದಿನಾ ಕೈ ಮುಗಿಯುವುದು ಇನ್ನೊಬ್ಬರಿಗೆ. ಸಬ್‌ಸರ್ಫೇಸ್ ಕಾಣುವ ಮುಖ. ಅದರ ಕೆಳಗೆ ವಾಚುಗಳ ಜೊತೆ ನಿಜವಾಗಿ ಮಾತಾಡುವ ಭಾಗಕ್ಕೆ 'ಲಿಬ್‌ಡೈವ್‌ಕಂಪ್ಯೂಟರ್' ಅಂತ ಹೆಸರು. ಜೆಫ್ ಡ್ರೀಸೆನ್ ಎಂಬುವರು ಬರೆದದ್ದು, ಸಬ್‌ಸರ್ಫೇಸ್‌ಗಿಂತ ಹಳೆಯದು. ಒಂದೊಂದು ಕಂಪನಿಯ ವಾಚಿಗೆ ಒಂದೊಂದು ಭಾಷೆ. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಎರಡು ಭಾಷೆ. ಹೆಚ್ಚಿನ ಕಂಪನಿಗಳು ಅದರ ವ್ಯಾಕರಣವನ್ನು ಹೊರಗೆ ಹೇಳುವುದಿಲ್ಲ. ಹಾಗಾಗಿ ಕಂಪನಿಯ ಸಾಫ್ಟ್‌ವೇರ್ ಮತ್ತು ವಾಚು ಮಾತಾಡುವಾಗ ತಂತಿಯಲ್ಲಿ ಹರಿಯುವ ಬೈಟ್‌ಗಳನ್ನು ಕದ್ದು ಕೇಳಿ, 'ಈ ಅಂಕಿ ಏರಿದಾಗ ಆಳ ಏರಿತು, ಹಾಗಾದರೆ ಇದು ಆಳ' ಅಂತ ಒಂದೊಂದೇ ಬಿಡಿಸಬೇಕು. ಗೋಡೆಯಾಚೆ ಮಾತಾಡುವ ಪಕ್ಕದ ಮನೆಯವರ ಭಾಷೆ ಕಲಿತ ಹಾಗೆ. ಹೀಗೆ ನೂರಾರು ಮಾಡೆಲ್‌ಗಳ ಭಾಷೆ ಕಲಿತು ಇಟ್ಟಿದ್ದಾರೆ. ಅದನ್ನು ಬೇರೆ ಲಾಗ್ ಸಾಫ್ಟ್‌ವೇರ್‌ಗಳೂ ಬಳಸಿಕೊಳ್ಳಬಹುದು, ಲೈಸೆನ್ಸ್ ಅದಕ್ಕೆ ಬಿಡುತ್ತದೆ. ಜರ್ಮನಿಯ ಹೈನ್‌ರಿಕ್ಸ್ ವೈಕಾಂಪ್ ಮಾತ್ರ ತನ್ನ ಓಎಸ್‌ಟಿಸಿ ವಾಚಿನ ಒಳಗಿನ ಪ್ರೋಗ್ರಾಮನ್ನೇ ತೆರೆದಿಟ್ಟಿದೆ. ನಮ್ಮ ಕಡೆ ಆ ವಾಚು ಕಾಣಸಿಗುವುದು ಅಪರೂಪ.

ನಿಮ್ಮ ಮೂಲ ಅನುಮಾನಕ್ಕೆ ಉತ್ತರ ಇಷ್ಟು. ಇದರ ಒಳಗೆ ಏನಿದೆ ಅಂತ ಯಾರು ಬೇಕಾದರೂ ಓದಬಹುದು. ನಿಮ್ಮ ಬ್ಯಾಂಕಿನ ಆಡಿಟ್ ಇದ್ದ ಹಾಗೆ. ವ್ಯತ್ಯಾಸ ಅಂದರೆ ಆಡಿಟರ್‌ಗೆ ಊಟ ಹಾಕಬೇಕಿಲ್ಲ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಂಡಮಾನಿಗೆ ಹೋಗಿ ಡೈವಿಂಗ್ ಕಲಿತು ಬಂದು ಅದೇನೋ ಗ್ರಾಫ್ ತೋರಿಸಿದ. ಹಸಿರು ಗೆರೆಯ ಕೊನೆಯಲ್ಲಿ ಕೆಂಪು ಇತ್ತು. ಕೇಳಿದರೆ 'ಏನಿಲ್ಲ ಅಮ್ಮಾ' ಅಂದ. ನಿಜವಾಗಿ ಏನು?
— ಒಬ್ಬ ತಾಯಿ, ಮೈಸೂರು

ಅಕ್ಕಾ, ಗಾಬರಿ ಬೇಡ. ಆದರೆ 'ಏನಿಲ್ಲ' ಅನ್ನುವುದನ್ನೂ ಪೂರ್ತಿ ಒಪ್ಪಬೇಡಿ.

ಸಬ್‌ಸರ್ಫೇಸ್ ಆಳದ ಗೆರೆಗೆ ವೇಗದ ಪ್ರಕಾರ ಬಣ್ಣ ಹಾಕುತ್ತದೆ. ನಿಧಾನಕ್ಕೆ ಹಸಿರು, ಜಾಸ್ತಿ ವೇಗಕ್ಕೆ ಕೆಂಪು. ಪ್ರೋಗ್ರಾಂ ಬರೆದವರು ಕೋಡಿನ ಒಳಗೆ ಅತಿ ವೇಗಕ್ಕೆ ಇಟ್ಟ ಹೆಸರೇ 'ಕ್ರೇಜಿ'. ಮೇಲೆ ಬರುವಾಗ ನಿಮಿಷಕ್ಕೆ ಒಂಬತ್ತು-ಹತ್ತು ಮೀಟರ್ ದಾಟಬೇಡಿ ಅಂತ ಡೈವಿಂಗ್‌ನಲ್ಲಿ ಕಲಿಸುತ್ತಾರೆ. ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಬರಬೇಕು. ಸೋಡಾ ಬಾಟಲಿಯನ್ನು ಮೆಲ್ಲಗೆ ತೆರೆದ ಹಾಗೆ, ಇಲ್ಲದಿದ್ದರೆ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಏಳಬಹುದು.

ಈಗ ಗ್ರಾಫ್ ಮತ್ತೆ ತೆರೆಯಲು ಹೇಳಿ. ಕೆಂಪು ಎಲ್ಲಿದೆ? ನಡುವೆ ಒಂದು ಚಿಕ್ಕ ಚುಕ್ಕಿಯಷ್ಟು ಇದ್ದರೆ ಅದು ಅವನ ಕೈ ಇರಬಹುದು. ನಿಜವಾಗಿ. ಮೇಲೆ ಬರುವಾಗ ಜಾಕೆಟ್ಟಿನ ಗಾಳಿ ಬಿಡಲು ಎಡಗೈಯಲ್ಲಿ ಕೊಳವೆ ಎತ್ತಿ ಹಿಡಿಯುತ್ತೇವೆ. ವಾಚು ಎಡಗೈಯಲ್ಲೇ ಇದ್ದರೆ ಮೈ ನಿಂತಲ್ಲೇ ಇದ್ದರೂ ವಾಚು ಮುಕ್ಕಾಲು ಮೀಟರ್ ಮೇಲೆ ಹಾರಿರುತ್ತದೆ. ಯಂತ್ರಕ್ಕೆ ಗೊತ್ತಿರುವುದು ತನ್ನ ಆಳ, ನಿಮ್ಮ ಮಗನ ಎದೆಯ ಆಳ ಅಲ್ಲ. ಕೈ ಎತ್ತಿದ್ದರಿಂದ ಆದದ್ದು ಅಂತ ನೋಡುವ ಉಪಾಯ ಸುಲಭ, ಕೈ ಇಳಿಸಿದಾಗ ಗೆರೆ ಮತ್ತೆ ಅಷ್ಟೇ ಕೆಳಗೆ ಬಂದಿರುತ್ತದೆ.

ಆದರೆ ನೀವು ಬರೆದಂತೆ ಕೆಂಪು ಕೊನೆಯಲ್ಲಿ ಇದ್ದರೆ, ಐದು ಮೀಟರಿನಿಂದ ನೀರಿನ ಮೇಲಕ್ಕೆ ಒಂದೇ ಗೆರೆಯಲ್ಲಿ ಹೋಗಿದ್ದರೆ, ಅದು ಕೈ ಅಲ್ಲ. ಸ್ಟಾಪ್ ಮುಗಿಯಿತು ಅಂತ ಬುಸ್ಸನೆ ಎದ್ದಿದ್ದಾನೆ. ಹೊಸಬರೆಲ್ಲ ಮಾಡುವ ತಪ್ಪು ಅದೇ. ಇದ್ದ ಒತ್ತಡದಲ್ಲಿ ಎಷ್ಟು ಪಾಲು ಹೋಯಿತು ಅಂತ ನೋಡಿದರೆ, ಕೊನೆಯ ಆ ಐದು ಮೀಟರಿನಲ್ಲೇ ಅದು ಎಲ್ಲಕ್ಕಿಂತ ಬೇಗ ಇಳಿಯುವುದು. ವಾಚು ಇಪ್ಪತ್ತು ಅಥವಾ ಮೂವತ್ತು ಸೆಕೆಂಡಿಗೊಮ್ಮೆ ಬರೆಯುವಂತೆ ಇಟ್ಟಿದ್ದರೆ ನಿಜದ ವೇಗ ಗ್ರಾಫಿಗಿಂತ ಜಾಸ್ತಿಯೇ ಇದ್ದೀತು, ನಡುವಿನದ್ದು ಯಂತ್ರಕ್ಕೆ ಕಂಡಿರುವುದಿಲ್ಲ. ಅವನಿಗೆ ಎರಡು ಮಾತು ಹೇಳಿ. ಸೆಟ್ಟಿಂಗಿನಲ್ಲಿ ಹತ್ತು ಸೆಕೆಂಡ್ ಮಾಡಿಕೊಳ್ಳಲಿ. ಕೊನೆಯ ಐದು ಮೀಟರಿಗೆ ಒಂದು ನಿಮಿಷ ತಗೊಳ್ಳಲಿ. ಗ್ರಾಫ್ ಅಮ್ಮನಿಗೆ ತೋರಿಸುವ ಹುಡುಗ ಮಾತು ಕೇಳುತ್ತಾನೆ ಅಂತ ನನ್ನ ಅಂದಾಜು.

ಪ್ರಶ್ನೆ: ಡೈವ್ ಆದ ಮೇಲೆ ಭುಜದಲ್ಲಿ ನೋವು ಬಂದರೆ ಮೊದಲು ಗ್ರಾಫ್ ತೆಗೆದು ನೋಡಬೇಕಾ?
— ಹೆಸರು ಬೇಡ, ಭಟ್ಕಳ

ಬೇಡ. ಅದು ಆ ನೈಟ್ರೋಜನ್ ಗುಳ್ಳೆಯ ನೋವಿರಬಹುದು. ಮೊದಲು ಆಕ್ಸಿಜನ್, ಡಾಕ್ಟರ್. ವಾಚನ್ನು ಕೈಯಿಂದ ಬಿಚ್ಚದೆ ಹಾಗೇ ಕರೆದುಕೊಂಡು ಹೋಗಿ, ಅವರಿಗೆ ಬೇಕಾದರೆ ಅವರೇ ಕೇಳುತ್ತಾರೆ. ಗ್ರಾಫ್ ಪೂರ್ತಿ ಹಸಿರಿದ್ದರೂ ಮೈಗೆ ತೊಂದರೆ ಆಗಿರಬಹುದು. ಈ ಪ್ರಶ್ನೆ ಇವತ್ತಿನದ್ದಾಗಿದ್ದರೆ ಪತ್ರಿಕೆ ಓದುತ್ತಾ ಕೂರಬೇಡಿ ಮಾರಾಯ್ರೆ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ. ರಜೆ ಸಿಕ್ಕಾಗೆಲ್ಲ ದೈಮಾನಿಯತ್ ದ್ವೀಪಗಳ ಕಡೆ ಡೈವ್ ಮಾಡುತ್ತೇನೆ. ಊರಿಂದ ತಂದ ವಾಚಿನ ಟೈಮ್ ಬದಲಿಸಲು ಮರೆತು 22 ಡೈವ್ ಆಗಿಹೋಗಿವೆ. ಫೋಟೊ ಒಂದು ಸಮಯ ಹೇಳುತ್ತದೆ, ಡೈವ್ ಇನ್ನೊಂದು. ಮಧ್ಯೆ ಒಮ್ಮೆ ಬ್ಯಾಟರಿ ಬದಲಿಸಿದಾಗ ಮೂರು ಡೈವಿನ ತಾರೀಕೇ ಹೋಗಿದೆ.
— ಕುಮಟಾ ಮೂಲದವರು, ಒಮಾನ್

ಊರಿನ ಟೈಮ್ ಕಟ್ಟಿಕೊಂಡು ಓಡಾಡುವುದು ನಮ್ಮವರ ಹಳೇ ಅಭ್ಯಾಸ, ಬಿಡಿ.

ಮಾಮೂಲಿ ಡೈವ್ ಕಂಪ್ಯೂಟರಿಗೆ ದೇಶ ಗೊತ್ತಿಲ್ಲ, ನೀವು ಕೊಟ್ಟ ಗಂಟೆಯೇ ಗಂಟೆ. ಊರಿಗೂ ನಿಮಗೂ ಒಂದೂವರೆ ಗಂಟೆ ವ್ಯತ್ಯಾಸ. ಸಬ್‌ಸರ್ಫೇಸ್‌ನಲ್ಲಿ ಆ ಡೈವ್‌ಗಳನ್ನು ಒಟ್ಟಿಗೆ ಆಯ್ದು, ರೈಟ್ ಕ್ಲಿಕ್ ಮಾಡಿ, ಸಮಯ ಸರಿಸುವ ಆಯ್ಕೆಯಲ್ಲಿ 1:30 ಹಿಂದಕ್ಕೆ ಅಂತ ಕೊಡಿ. ಒಂದೇ ಏಟಿಗೆ ಸರಿ ಹೋಗುತ್ತದೆ. ಆಮೇಲೆ ಫೋಟೊಗಳನ್ನು ಸೇರಿಸಿದರೆ ಒಂದೊಂದೂ ತನ್ನ ನಿಮಿಷದ ಜಾಗದಲ್ಲಿ ಗ್ರಾಫಿನ ಮೇಲೆ ಹೋಗಿ ಕೂರುತ್ತದೆ. ಆಮೆ ಕಂಡಾಗ ಎಷ್ಟು ಆಳದಲ್ಲಿದ್ದೆ ಅಂತ ನೋಡುವುದು ನನಗಂತೂ ಬಹಳ ಇಷ್ಟ.

ತಾರೀಕು ಹೋದ ಮೂರನ್ನು ಮಾತ್ರ ಕೈಯಲ್ಲೇ ತಿದ್ದಿ, ಮೂರೇ ತಾನೇ. ಬ್ಯಾಟರಿ ತೆಗೆದರೆ ಡೈವ್‌ಗಳೇ ಅಳಿಸಿಹೋಗುತ್ತವೆ ಅಂತ ಹೆದರುವವರು ಇದ್ದಾರೆ. ಸುಂಟೊ ವೈಪರ್ ಥರದವುಗಳಲ್ಲಿ ಡೈವ್‌ಗಳು ಉಳಿಯುತ್ತವೆ, ಗಡಿಯಾರ ಮಾತ್ರ ಹೋಗುತ್ತದೆ. ಆದರೂ ಮುಚ್ಚಳ ಬಿಚ್ಚುವ ಮುಂಚೆ ಒಂದು ಸಲ ಡೌನ್‌ಲೋಡ್ ಮಾಡಿಕೊಳ್ಳಿ. ರಬ್ಬರ್ ರಿಂಗ್ ಸರಿಯಾಗಿ ಕೂರದೆ ಮುಂದಿನ ಡೈವಿನಲ್ಲಿ ನೀರು ನುಗ್ಗಿದರೆ ಗಡಿಯಾರ, ಲೆಕ್ಕ ಎರಡೂ ಸಮುದ್ರಪಾಲು.

ಪ್ರಶ್ನೆ: ಅಂಕಲ್, ನಾನು ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ಡೈವರ್‌ಗಳ ವಾಚಿನಿಂದ ನೀರಿನ ಉಷ್ಣತೆ ತೆಗೆದು ಪ್ರಾಜೆಕ್ಟ್ ಮಾಡಬಹುದಾ? ನನ್ನ ಸೀನಿಯರ್ ಕೊಟ್ಟ ವೈಪರ್ ಫೈಲಿನಲ್ಲಿ ಉಷ್ಣತೆಯ ಗೆರೆಯೇ ಇಲ್ಲ.
— ವಿದ್ಯಾರ್ಥಿನಿ, ಕಾರವಾರ

ಗೆರೆ ಇಲ್ಲದ್ದು ಸಾಫ್ಟ್‌ವೇರಿನ ತಪ್ಪಲ್ಲ ಪುಟ್ಟಾ. ಮೇಲೆ ಹೇಳಿದೆನಲ್ಲ, 8 ಕಿಲೋಬೈಟ್. ಅದರಲ್ಲಿ ಉಷ್ಣತೆಗೆ ಜಾಗ ಎಲ್ಲಿ? ವೈಪರ್ ಶುರುವಿನದೊಂದು, ಅತಿ ಆಳದ್ದೊಂದು, ಕೊನೆಯದೊಂದು ಅಂತ ಬರೆದುಕೊಂಡು ಸುಮ್ಮನಾಗುತ್ತದೆ. ಹೊಸ ಮಾಡೆಲ್‌ಗಳು ಉದ್ದಕ್ಕೂ ಬರೆಯುತ್ತವೆ. ಅವುಗಳಿಂದ ತೆಗೆದದ್ದನ್ನು ಸಬ್‌ಸರ್ಫೇಸ್ ಸಿಎಸ್‌ವಿ ಮಾಡಿಕೊಡುತ್ತದೆ, ನೇರ ಎಕ್ಸೆಲ್‌ಗೆ ಹಾಕಿಕೊಳ್ಳಬಹುದು.

ಆದರೆ ಸೆನ್ಸರ್ ಇರುವುದು ಪ್ಲಾಸ್ಟಿಕ್ ಡಬ್ಬಿಯ ಒಳಗೆ. ದೋಣಿಯ ಬಿಸಿಲಲ್ಲಿ ಕಾದ ವಾಚು ನೀರಿಗೆ ಇಳಿದ ಕೂಡಲೇ ತಣ್ಣಗಾಗುವುದಿಲ್ಲ. ನನ್ನ ಎರಡೂ ಕೈಗೆ ಒಂದೊಂದು ವಾಚು ಕಟ್ಟಿ ಇಳಿದಾಗ ಒಂದೂವರೆ ಡಿಗ್ರಿ ವ್ಯತ್ಯಾಸ ತೋರಿಸಿದ್ದುಂಟು. ಒಂದು ವಾಚಿನ ಒಂದು ಅಂಕಿ ನಂಬಬೇಡ. ಒಂದೇ ವಾಚನ್ನು ಸೀಸನ್ ಪೂರ್ತಿ ಹಿಡಿದುಕೊಂಡು, ಮೊದಲ ಹತ್ತು ನಿಮಿಷದ ಅಂಕಿ ಬಿಟ್ಟು, ತಳದಲ್ಲಿ ನಿಂತಾಗಿನದನ್ನು ಮಾತ್ರ ತಗೊಂಡರೆ ಏರಿಳಿತ ಕಂಡೀತು. ನನ್ನ ಹತ್ತಿರ ನೇತ್ರಾಣಿಯ ಆರು ಸೀಸನ್‌ನ ಫೈಲ್ ಇದೆ, ಬೇಕಾದರೆ ಪೆನ್ ಡ್ರೈವ್ ತಗೊಂಡು ಬಾ.

ಪ್ರಶ್ನೆ: ನನ್ನದು ಹೊಸ ಬ್ಲೂಟೂತ್ ವಾಚು. ಕಂಪನಿ ಆ್ಯಪ್‌ನಲ್ಲಿ ಎಲ್ಲ ತಾನೇ ಬರುತ್ತದೆ, ಕ್ಲೌಡ್‌ನಲ್ಲಿ ಉಳಿಯುತ್ತದೆ. ಮತ್ತೆ ಈ ಸಬ್‌ಸರ್ಫೇಸ್ ಉಸಾಬರಿ ಯಾಕೆ?
— ಉಡುಪಿ

ನಾನೂ ಹೀಗೇ ಹೇಳುತ್ತಿದ್ದೆ. ನನ್ನ ಮೊದಲ 62 ಡೈವ್‌ಗಳು ಈಗ ಎಲ್ಲೂ ಇಲ್ಲ.

ಮೂವತ್ತೆಂಟನೇ ವಯಸ್ಸಿಗೆ ಡೈವಿಂಗ್ ಕಲಿತವನು ನಾನು. ಹೆಂಡತಿ 'ಅಂಗಡಿ ಬಾಡಿಗೆ ಕಟ್ಟುವ ದುಡ್ಡಲ್ಲಿ ಮೀನು ನೋಡಲು ಹೋಗುತ್ತೀರಾ' ಅಂದರೂ ಬಿಡಲಿಲ್ಲ. ಮೊದಲ ವಾಚಿನ ಜೊತೆ ಬಂದ ಕಂಪನಿ ಸಾಫ್ಟ್‌ವೇರ್‌ನಲ್ಲೇ ಎಲ್ಲ ಇಟ್ಟಿದ್ದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಪೆನ್ ಡ್ರೈವಿನಲ್ಲಿ ಬ್ಯಾಕಪ್ ಇತ್ತು, ಹಾಗಾಗಿ ನಿಶ್ಚಿಂತೆ. ಹೊಸ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದೆ. ಅದು ತನ್ನದೇ ಹಳೇ ಫೈಲನ್ನು ಗುರುತಿಸಲಿಲ್ಲ. ಪತ್ರ ಬರೆದರೆ 'ಆ ಆವೃತ್ತಿಗೆ ನಮ್ಮ ಬೆಂಬಲ ನಿಂತಿದೆ' ಎಂಬ ಒಂದು ಸಾಲಿನ ಉತ್ತರ. ವಾಚಿನಲ್ಲಿ ಅಷ್ಟು ಹೊತ್ತಿಗೆ ಹಳೆಯದರ ಮೇಲೆ ಹೊಸದು ಬಿದ್ದಾಗಿತ್ತು. ಯಾವ ಕಂಪನಿ ಅಂತ ಕೇಳಬೇಡಿ. ಮೊದಲ ಸಲ ಹುಲಿ ಶಾರ್ಕ್ ನೋಡಿದ್ದಲ್ಲ, ತಿಮಿಂಗಿಲ ಅಲ್ಲ, ನನ್ನ ಅಳಿಯನನ್ನು ಮೊದಲ ಸಲ ನೀರಿಗಿಳಿಸಿದ ಡೈವ್ ಹೋಯಿತಲ್ಲ, ಅದು ಈಗಲೂ ಚುಚ್ಚುತ್ತದೆ.

ಸಬ್‌ಸರ್ಫೇಸ್ ಉಳಿಸುವ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಎಷ್ಟನೇ ನಿಮಿಷ, ಎಷ್ಟು ಆಳ ಎಂದು ಸಾಲು ಸಾಲಾಗಿ ಕಣ್ಣಿಗೆ ಕಾಣುತ್ತದೆ. ನಾಳೆ ಸಬ್‌ಸರ್ಫೇಸೇ ನಿಂತುಹೋದರೂ ಅದನ್ನು ಓದಲು ಯಾರ ಅಪ್ಪಣೆಯೂ ಬೇಡ. ಯುಡಿಡಿಎಫ್ ಎಂಬ ಸಾರ್ವಜನಿಕ ಮಾದರಿಯಲ್ಲೂ ಹೊರಗೆ ಕೊಡುತ್ತದೆ, ಬೇರೆ ಲಾಗ್‌ಗಳು ಅದನ್ನು ಓದುತ್ತವೆ. ಸಬ್‌ಸರ್ಫೇಸ್‌ಗೂ ಒಂದು ಕ್ಲೌಡ್ ಇದೆ, ದುಡ್ಡಿಲ್ಲ. ಒಳಗೆ, ಫೈಲಿನ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ. ಅದೂ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಬರೆದದ್ದು. ಪ್ರತಿ ಸಂಗ್ರಹಕ್ಕೂ ನಿಮ್ಮ ಯಂತ್ರದಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ.

ಕಂಪನಿ ಆ್ಯಪ್ ಬಿಡಿ ಎನ್ನುತ್ತಿಲ್ಲ. ಬ್ಲೂಟೂತ್ ವಾಚಿಗೆ ಫೋನಿನಲ್ಲೇ ಸಬ್‌ಸರ್ಫೇಸ್-ಮೊಬೈಲ್ ಹಾಕಿಕೊಂಡು ತಿಂಗಳಿಗೊಮ್ಮೆ ಎಳೆದುಕೊಳ್ಳಿ. ಹಿಂದೆ ತಗೊಂಡಿದ್ದು ಎಲ್ಲಿವರೆಗೆ ಅಂತ ಅದಕ್ಕೆ ಗೊತ್ತಿರುತ್ತದೆ, ಹೊಸದನ್ನು ಮಾತ್ರ ತರುತ್ತದೆ. ಐಫೋನಿನವರಿಗೆ ಹೊಸ ಥರದ ಬ್ಲೂಟೂತ್ ವಾಚು ಮಾತ್ರ ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಫೋನಿಗೆ ಯುಎಸ್‌ಬಿ ಸೇರಿಸುವ ಓಟಿಜಿ ತುಂಡು ಹಾಕಿ ಕೇಬಲ್ಲಿನ ಎಷ್ಟೋ ವಾಚುಗಳನ್ನೂ ಓದಬಹುದು. ಬಾರದಿದ್ದರೆ ಮೊದಲು ಕಂಪನಿ ಆ್ಯಪ್ ಪೂರ್ತಿ ಮುಚ್ಚಿ. ವಾಚು ಒಂದು ಸಲಕ್ಕೆ ಒಬ್ಬರ ಕೈ ಮಾತ್ರ ಹಿಡಿಯುತ್ತದೆ.

ಪ್ರಶ್ನೆ: ಭಾನುವಾರ ಅಂಗಡಿ ತೆರೆದಿರುತ್ತದಾ?
— ಕುಂದಾಪುರ

ಮಧ್ಯಾಹ್ನ ಊಟದವರೆಗೆ ಇರುತ್ತೇನೆ. ವಾಚಿನ ಜೊತೆ ಕೇಬಲ್ ತನ್ನಿ. ಹೋದ ಭಾನುವಾರ ನಿಮ್ಮೂರಿನವರೇ ಒಬ್ಬರು ಮಳೆಯಲ್ಲಿ ನೆನೆದುಕೊಂಡು ಬಸ್ಸಿನಲ್ಲಿ ಬಂದು, ಬ್ಯಾಗ್ ತೆರೆದು ನೋಡಿದರೆ ಮೊಬೈಲ್ ಚಾರ್ಜರ್ ತಂದಿದ್ದರು.